ಪೆನ್‌ಸ್ಟೆಮನ್‌ಗೆ ನೀರು

೧೯೮೮ರ ಜೂನ್ ೧೧, ಶನಿವಾರ, ಬೆಳಗಿನ ನಾಲ್ಕೂವರೆ. ಹೇಳಿಯೇ ಹೋಗಬೇಕೆಂದು ಎಲ್ಡನ್ ಥೇನ್ ಪಕ್ಕದ ಮನೆಯ ಬೇಲಿಯವರೆಗೆ ಬಂದು ನಿಂತ. ಆರ್ವಿಲ್ಲಾಳ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಹೇಳಬೇಕಾದದ್ದು ಒಂದೇ ಮಾತು: ಪೂರ್ವದ ಮೂಲೆಯ ಹಲಗೆ ತೆಗೆಯಬೇಡಿ.

ಆದರೆ ಬಾಗಿಲು ತಟ್ಟಿದರೆ, ಅದಕ್ಕೆ ಮುಂಚೆ ಆಕೆ ನೊರೀನ್ ಹೇಗಿದ್ದಾಳೆಂದು ಕೇಳುತ್ತಾಳೆ. ಚಿಕಿತ್ಸೆ ನಿಲ್ಲಿಸಿದ್ದಾರೆ, ಹೆಂಡತಿಯನ್ನು ಇವತ್ತು ಮನೆಗೆ ಕರೆತರುತ್ತಿದ್ದೇನೆ ಎಂದು ಹೇಳಬೇಕಾಗುತ್ತದೆ. ಆಕೆ ಅವನ ಕೈ ಹಿಡಿದುಕೊಳ್ಳುತ್ತಾಳೆ. ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎಂದು ಕರೆಯುವ ಊರಿನ ಚರ್ಚನ್ನು ಅವನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಊರು ಮಾತ್ರ ಅವನ ಕೈ ಹಿಡಿಯುವುದನ್ನು ಬಿಟ್ಟಿರಲಿಲ್ಲ.

ಬಾಗಿಲು ತಟ್ಟದೆ ಹಿಂತಿರುಗಿ ಕಾರು ಹತ್ತಿದ.

ಐದಕ್ಕೆ ಅವನ ನೀರಿನ ಸರದಿ. ತಪ್ಪಿದರೆ ತಪ್ಪಲಿ ಎಂದುಕೊಂಡ. ಗಂಟೆಯ ಲೆಕ್ಕದಲ್ಲಿ ಕಾಲುವೆಯ ನೀರು ಹಂಚಿಕೊಳ್ಳುವ ಯೂಟಾದ ಈ ಒಣ ಊರಿನಲ್ಲಿ ಒಬ್ಬರ ಸರದಿ ವ್ಯರ್ಥವಾಗಲು ಇನ್ನೊಬ್ಬರು ಬಿಡುವುದಿಲ್ಲವೆಂಬುದು ಆಸ್ಪತ್ರೆ ತಲುಪಿದ ಮೇಲೂ ಅವನ ತಲೆಯಿಂದ ಹೋಗಲಿಲ್ಲ.

ಪೂರ್ವದ ಮೂಲೆಯಲ್ಲಿ ನೊರೀನ್ ಬೆಳೆಸಿದ ಪೆನ್‌ಸ್ಟೆಮನ್ ಎಂಬ ಹೂಗಿಡ ಇತ್ತು. ಜಲ್ಲಿಯಲ್ಲಿ ಬೀಜ ಹಾಕಿ ಚಳಿಗಾಲವಿಡೀ ಹಿಮದಡಿ ಬಿಟ್ಟಿದ್ದಳು. ಹಾಗೆ ಚಳಿ ತಿನ್ನದೆ ಅದು ಮೊಳೆಯುವುದಿಲ್ಲ. ಮೊದಲ ವರ್ಷ ಬರಿಯ ಎಲೆ. ಈ ವರ್ಷ, ಅವಳು ಆಸ್ಪತ್ರೆ ಸೇರಿದ ಮೇಲೆ, ಸೊಂಟದೆತ್ತರದ ದಂಟು, ತೆಳು ಗುಲಾಬಿಯ, ಬಾಯಿ ತೆರೆದ ಹೂಗಳು. ಅದಕ್ಕೆ ಗೊಬ್ಬರ ಬೇಡ, ಕಾಲುವೆಯ ನೀರೂ ಬೇಡ. ಬುಡ ನೆನೆದರೆ ಬೇರು ಕೊಳೆಯುತ್ತದೆ. ಕಾಲೇಜಿನಲ್ಲಿ ಮಣ್ಣಿನ ರಸಾಯನ ಪಾಠ ಮಾಡುವ ಎಲ್ಡನ್, ನೀರು ಅತ್ತ ನುಗ್ಗದಂತೆ ಹಲಗೆ ಹೂತಿದ್ದ.

"ನಿನ್ನ ಥರಾನೇ ಇದೂ. ಮುದ್ದು ಮಾಡಿದರೆ ಸಾಯುತ್ತೆ," ಎನ್ನುತ್ತಿದ್ದಳು ನೊರೀನ್.

ವಾಪಸು ಬರುವಾಗ ಕಾರಿನಲ್ಲಿ ಕೇಳಿದಳು. "ಆ ಹೂವಿಗೆ ವಾಸನೆ ಇದೆಯಾ?"

"ನೋಡಿಲ್ಲ."

"ಜೀವನವೆಲ್ಲ ಮಣ್ಣು ಮೂಸಿದವನು, ಒಂದು ಹೂ ಮೂಸಲಿಲ್ಲ."

ಮನೆಯ ಮುಂದೆ ಆರ್ವಿಲ್ಲಾ ಸಲಿಕೆ ಹಿಡಿದು ನಿಂತಿದ್ದಳು. ಮೊಣಕಾಲವರೆಗೂ ಕೆಸರು. ಮೆಟ್ಟಿಲ ಮೇಲೆ ಬಟ್ಟೆ ಮುಚ್ಚಿದ ಪಾತ್ರೆ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ.

"ನಿಮ್ಮ ನೀರು ಹೋಗೋಕೆ ಬಿಡಲಿಲ್ಲ, ಬ್ರದರ್ ಥೇನ್. ಆ ಮೂಲೆ ಪಾಪ ಒಣಗಿ ಬಿದ್ದಿತ್ತು. ಹಲಗೆ ಕಿತ್ತು, ತುಂಬ ಹೊತ್ತು ನೀರು ನಿಲ್ಲಿಸಿದೆ. ಸಿಸ್ಟರ್ ಬರೋ ಹೊತ್ತಿಗೆ ಹೂ ನಗ್ತಾ ಇರಲಿ ಅಂತ."

ನೊರೀನ್ ಆಕೆಯ ಒದ್ದೆ ಕೈ ಹಿಡಿದುಕೊಂಡಳು. "ಒಳ್ಳೇದು ಮಾಡಿದೆ, ಆರ್ವಿಲ್ಲಾ."

ಆಕೆ ಹೋದ ಮೇಲೆ ಎಲ್ಡನ್ ಅಡುಗೆಮನೆಯ ಕುರ್ಚಿ ತಂದು ಗಿಡದ ಪಕ್ಕ ಹಾಕಿ ಹೆಂಡತಿಯನ್ನು ಕೂರಿಸಿದ. ಹೂಗಳು ಹಿಂದೆಂದೂ ಇಷ್ಟು ಚೆನ್ನಾಗಿ ಕಂಡಿರಲಿಲ್ಲ.

"ಅವಳಿಗೆ ಹೇಳಿರಲಿಲ್ವಾ?"

"ಬೇಲಿವರೆಗೂ ಹೋಗಿದ್ದೆ."

"ಮಲಗಿದ್ದಳೇನೋ."

"ಇಲ್ಲ. ದೀಪ ಉರೀತಿತ್ತು."

ನೊರೀನ್ ಸದ್ದಿಲ್ಲದೆ ನಕ್ಕಳು. ಅವನನ್ನು ಬಲ್ಲವಳಿಗೆ ಅಷ್ಟು ಉತ್ತರ ಸಾಕಿತ್ತು. ಗಿಡದ ಕಡೆ ನೋಡಿ ಕೇಳಿದಳು: "ಉಳಿಯುತ್ತಾ?"

"ಮೇಲ್ಮೇಲೆ ನೆಂದಿದ್ದರೆ ಉಳಿಯುತ್ತೆ. ನಾಲ್ಕು ಅಂಗುಲ ದಾಟಿರಬಾರದು."

"ನೋಡು ಮತ್ತೆ."

ಅವನು ಮಣ್ಣು ತೆಗೆಯುವ ಉಕ್ಕಿನ ಕೊಳವೆ ತಂದು ಬುಡದ ಪಕ್ಕ ಒತ್ತಿದ. ಅದು ತಡೆಯಿಲ್ಲದೆ ಇಳಿಯಿತು.

"ಇರು," ಎಂದಳು. "ಮೊದಲು ಮೂಸು."

ಅವನು ಮಂಡಿಯೂರಿ ಬಗ್ಗಿದ. ಜೇನಿನಂಥ ವಾಸನೆ. ಒಂದು ದುಂಬಿ ಬೆನ್ನಿಗೆಲ್ಲ ಪರಾಗ ಬಳಿದುಕೊಂಡು ಹೂವಿನೊಳಗಿಂದ ಹಿಮ್ಮುಖವಾಗಿ ಹೊರಬಂತು. ಅವನ ಕುತ್ತಿಗೆಯ ಮೇಲೆ ಅವಳ ಕೈ ಬಂದು ಕೂತಿತು. ಅದಕ್ಕೆ ತೂಕವೇ ಇರಲಿಲ್ಲ. ಅವನು ಸರಿಯಲಿಲ್ಲ.

"ಎಷ್ಟಿದೆ?" ಎಂದು ಕೇಳಿದಳು.

ಅವನು ಕೊಳವೆ ಎಳೆದು, ಅದರೊಳಗಿನ ಮಣ್ಣಿಗೆ ಅಳತೆಪಟ್ಟಿ ಹಿಡಿದ. ಒದ್ದೆ ಮಣ್ಣು ಹದಿನಾಲ್ಕು ಅಂಗುಲ ಇತ್ತು.