ಎರಡು ಹಲಗೆಗಳ ಪಂದ್ಯ

“ಮೊದಲು ಪುಸ್ತಕ ಇಳಿಸ್ತೀನಿ, ಆಮೇಲೆ ಹಲಗೆ ಎತ್ತೋಣ,” ಎನ್ನುತ್ತ ಮೈದುನ ಎರಡು ದಪ್ಪ ನಿಘಂಟುಗಳನ್ನು ಎದೆಗವಚಿಕೊಂಡಿದ್ದ. ಒಳಕೋಣೆಯಿಂದ ಅತ್ತಿಗೆಯ ದನಿ ಬಂತು: “ಇಡೋ ಅದನ್ನ! ಇದ್ದಲ್ಲೇ ಇಡು!”

ಅಣ್ಣನ ದೇಹವನ್ನು ಸಾಗಿಸಲು ನಡುಮನೆಯಲ್ಲಿ ದಾರಿ ಬೇಕಿತ್ತು. ಅಲ್ಲಿ ಗೋಡೆಗುಂಟ, ಇಟ್ಟಿಗೆಗಳ ಮೇಲೆ ಎರಡು ಹಲಗೆ. ಹಲಗೆಗಳ ಮೇಲೆ ಅತ್ತಿಗೆಯ ಅಷ್ಟೂ ಪುಸ್ತಕ.

“ಅತ್ತಿಗೆ, ವ್ಯಾನು ಕಾಯ್ತಿದೆ.”

“ಕಾಯ್ಲಿ. ಇವತ್ತು ಭಾನುವಾರ, ಅಳತೆ ದಿನ. ಭಾರ ಇಳಿಸಿದ್ರೆ ಒಂಬತ್ತು ವರ್ಷ ಕಾದಿದ್ದು ನೀರುಪಾಲು. ನಾನು ಗೆದ್ನೋ ಇಲ್ವೋ ಗೊತ್ತಾಗಬೇಕು.”

ಮೂಗು ಒರೆಸಿಕೊಳ್ಳುತ್ತಿದ್ದವರೂ ಕತ್ತು ಉದ್ದ ಮಾಡಿದರು.

* * *

ಒಂಬತ್ತು ವರ್ಷದ ಹಿಂದೆ ಗಂಡ ಹೆಂಡತಿ ಕಪಾಟು ಮಾಡಿಸಲು ಬಡಗಿಯ ಅಂಗಡಿಗೆ ಹೋಗಿದ್ದರು. ಶಾಲೆಯಲ್ಲಿ ಮೇಡಂ ಆಗಿದ್ದ ಆಕೆಗೆ ನುಣ್ಣನೆಯ ಬಿಳಿ ಪಾರ್ಟಿಕಲ್ ಬೋರ್ಡ್ ಹಿಡಿಸಿತು. ಗಂಡ ಪ್ಲೈವುಡ್ಡಿನ ಪಕ್ಷ.

“ಮರದ ಪುಡಿಗೆ ಅಂಟು ಹಾಕಿ ಒತ್ತಿರೋದು ಕಣೇ ಅದು. ನಿನ್ನ ನಿಘಂಟು ಕೂತ್ರೆ ಜೋಕಾಲಿ ಆಗುತ್ತೆ.”

“ನಿಮ್ಮದೇನು ಮಹಾ? ಹಾಳೆ ಮೇಲೆ ಹಾಳೆ ಅಂಟಿಸಿದ್ದು. ನನ್ನ ಪುಸ್ತಕಕ್ಕೂ ಅದಕ್ಕೂ ರಟ್ಟೊಂದೇ ವ್ಯತ್ಯಾಸ!”

ಆತ ಅಂಗಡಿಗಳ ತಕ್ಕಡಿ ತಪಾಸಣೆ ಮಾಡುವ ಇನ್ಸ್‌ಪೆಕ್ಟರು. ಸ್ವಂತ ಭಾವನ ತಕ್ಕಡಿಯನ್ನೇ ಜಪ್ತಿ ಮಾಡಿದವನು. ಬಾಯಿಮಾತಿಗೆ ಬಗ್ಗುವ ಆಸಾಮಿಯಲ್ಲ. ಎರಡೂ ಹಲಗೆ ತಂದು, ಅವಳ ಪುಸ್ತಕಗಳನ್ನು ಸರಿಸಮ ತೂಗಿ ಹೇರಿದ. ಬಾಗಿದ್ದು ಸೋತಂತೆ; ಗೆದ್ದ ಹಲಗೆಯಲ್ಲಿ ಕಪಾಟು. ಪ್ರತಿ ಭಾನುವಾರ ನೆಲಕ್ಕೆ ಬೋರಲು ಬಿದ್ದು, ದಾರ ಹಿಡಿದು ಅಳೆದು ಕೂಗುತ್ತಿದ್ದ: “ನಿಂದು ಸೊನ್ನೆ, ನಂದೂ ಸೊನ್ನೆ! ಇನ್ನೊಂದು ಮಳೆಗಾಲ ನೋಡೋಣ!”

ಮಂಡಿನೋವಿನ ಹೆಂಡತಿ ಬಗ್ಗಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ.

* * *

“ನಿಂದು ಸೊನ್ನೆ, ನಂದೂ ಸೊನ್ನೆ!” ಎಂದ ಸಾವಿನ ಮನೆಗೆ ಬಂದಿದ್ದ ಅದೇ ಬಡಗಿ, ಸತ್ತವನ ಮೂಗುದನಿಯಲ್ಲೇ. ಅಳುತ್ತಿದ್ದವರು ಕಿಸಕ್ಕೆಂದರು, ನಡುಮನೆಗೆ ಬಂದು ನಿಂತಿದ್ದ ಅತ್ತಿಗೆಯೂ. “ಆದ್ರೂ ಮೇಡಂ, ಈ ಭಾರಕ್ಕೆ ನಿಮ್ಮ ಬೋರ್ಡು ವರ್ಷದೊಳಗೇ ಜೋತುಬೀಳಬೇಕಿತ್ತು. ಮತ್ತೆ, ಸಾಹೇಬರ ಪ್ಲೈವುಡ್ಡು ಯಾಕೆ ನಾಲ್ಕು ಬೆರಳು ಗಿಡ್ಡ? ನಾನು ಎರಡನ್ನೂ ಒಂದೇ ಉದ್ದ ಕೊಯ್ದು ಕೊಟ್ಟಿದ್ದೆ.”

“ತುದಿ ಒಡೆದಿತ್ತು ಅಂತ ಅವರೇ ಕೊಯ್ಕೊಂಡ್ರು. ಮಾತು ಸಾಕು, ಅಳತೆ ನೋಡು.”

ಬಡಗಿ ಟಾರ್ಚು ಹಿಡಿದು ಬೋರಲು ಬಿದ್ದ. ಬಹಳ ಹೊತ್ತು ಏಳಲಿಲ್ಲ.

“ಎಷ್ಟಯ್ಯಾ?”

“ನಿಂದು ಸೊನ್ನೆ...” ಈ ಸಲ ಮೂಗುದನಿ ಸರಿಯಾಗಿ ಹೊರಡಲಿಲ್ಲ.

“ಅಣಕ ಆಮೇಲೆ. ಅಡಿಯಲ್ಲಿ ಏನಿದೆ, ತೆಗಿ.”

ಬಡಗಿ ಕೈ ತೂರಿಸಿ ಎಳೆದ. ಬಿಳಿ ಹಲಗೆ ಕಿರ್ರೆಂದು ನಡುವಿನಲ್ಲಿ ಕುಸಿಯಿತು. ಕೈಗೆ ಬಂದದ್ದು ಇಟ್ಟಿಗೆಯಷ್ಟೇ ಎತ್ತರದ, ನಾಲ್ಕು ಬೆರಳಿನ ಪ್ಲೈವುಡ್ ತುಂಡು. ಅಂಚಿನಲ್ಲಿ ಪೆನ್ಸಿಲಿನ ತಾರೀಖು: ಮೊದಲ ಮಳೆಗಾಲದ್ದು.

ಅತ್ತಿಗೆ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತಳು. ತುಂಡನ್ನು ಗಂಡನ ಹಲಗೆಯ ಕೊಯ್ದ ತುದಿಗೆ ಹಿಡಿದಳು. ಪದರಕ್ಕೆ ಪದರ, ಗೆರೆಗೆ ಗೆರೆ ಕೂಡಿಕೊಂಡವು.



“ಕಪಾಟು ಯಾವುದರಲ್ಲಿ ಮಾಡ್ಲಿ ಮೇಡಂ?” ಬಡಗಿ ತಗ್ಗಿದ ದನಿಯಲ್ಲಿ ಕೇಳಿದ.

“ಎರಡರಲ್ಲೂ ಮಾಡು. ನನ್ನ ಹಲಗೆ ನಡುವೆ ಇದನ್ನ ನಿಲ್ಲಿಸು,” ಎಂದು ತುಂಡನ್ನು ಚಾಚಿದಳು. ಬಡಗಿ ಹಿಡಿದು ಎರಡು ಸಲ ಎಳೆದ. ಅವಳ ಬೆರಳು ಬಿಡಲಿಲ್ಲ.