ಒಂಬತ್ತನೇ ಗುಂಡು

ಲಕ್ಕಪ್ಪನ ಬಲಗೈಯಲ್ಲಿ ಈಗ ಉಳಿದಿರುವುದು ಎರಡೇ ಬೆರಳು. ರೊಟ್ಟಿ ಮುರಿದು ಕೊಡಲು, ಅಂಗಿಯ ಗುಂಡಿ ಹಾಕಲು ಹೆಂಡತಿ ಬಾಯವ್ವ ಬೇಕು.

ಹೂಲಿಯ ಈ ಮನುಷ್ಯ ಬೈಲಹೊಂಗಲದ ನಿಜಗುಣಪ್ಪ ಸಾಹುಕಾರರ ಹತ್ತಿ ಮಿಲ್ಲಿಗೆ ಕಾವಲುಗಾರನಾಗಿದ್ದ. ಹೊಸ ಪಿಸ್ತೂಲು ಕೈಗೆ ಕೊಡುವಾಗ ಸಾಹುಕಾರರು, "ಲಕ್ಷದ ಮ್ಯಾಲ ಕೊಟ್ಟ ತಂದೇನಿ. ನಿನ್ನ ಜೀವಕ್ಕ ಹಲ್ಕಾ ಮಾಲು ತರ್ತೇನೇನೋ?" ಎಂದಿದ್ದರು. ಆ ಮಾತಿಗೆ ಲಕ್ಕಪ್ಪ ಕರಗಿಹೋದ. ಮಹಾನವಮಿಯ ಆಯುಧಪೂಜೆಗೆ ಪಿಸ್ತೂಲಿಗೆ ಕೈಯಾರೆ ದಪ್ಪಗೆ ಕುಂಕುಮ ಬಳಿದ.

ಹಬ್ಬ ಮುಗಿದ ವಾರಕ್ಕೆ ಗುರಿ ಹೊಡೆಯುವ ಅಭ್ಯಾಸವಿತ್ತು. ಒಂಬತ್ತನೇ ಗುಂಡಿಗೆ ಪಿಸ್ತೂಲು ಕೈಯಲ್ಲೇ ಸಿಡಿಯಿತು.

ಸಾಹುಕಾರರು ಸೇಬು ಹಿಡಿದು ಆಸ್ಪತ್ರೆಗೆ ಬಂದರು. "ನೀ ಬಳದ ಕುಂಕುಮ ನಳಿಗ್ಯಾಗ ಇಳದು ಗಟ್ಟಿ ಆಗೇತಿ. ನಿಂದ ತಪ್ಪಲೇ."

ಲಕ್ಕಪ್ಪ ನಂಬಿದ. ಬೆರಳು ಹೋದದ್ದಕ್ಕಿಂತ ಧಣಿಯ ವಸ್ತು ಹಾಳಾಯಿತಲ್ಲ ಎಂದು ಅತ್ತ. ಈ ಕತೆ ಹೇಳುವ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ಬಾಯವ್ವ ನಂಬಲಿಲ್ಲ. ಡಾಕ್ಟರು ಗಂಡನ ಅಂಗೈಯಿಂದ ತೆಗೆದ ಲೋಹದ ಚೂರನ್ನು ಸೆರಗಿಗೆ ಕಟ್ಟಿಕೊಂಡು ಮುನವಳ್ಳಿಯ ಕಮ್ಮಾರ ಮಡಿವಾಳೆಪ್ಪನ ಹತ್ತಿರ ಹೋದಳು. ಅವನು ಸುತ್ತಿಗೆಯಿಂದ ಸುಮ್ಮನೆ ತಟ್ಟಿದ. ಚೂರು ಬೆಲ್ಲದಂತೆ ಎರಡಾಯಿತು.

"ಇದು ಕಾಸಿ ಬಡದ ಉಕ್ಕಲ್ಲವ್ವಾ. ಅಗ್ಗದ ಎರಕ. ಒಳಗ ಗಾಳಿಗುಳ್ಳಿ ನೋಡು. ಇಂಥಾದ್ರಾಗ ನಾ ಕುಡಗೋಲು ಸೈತ ಮಾಡಂಗಿಲ್ಲ. ಲಕ್ಷ ಕೊಟ್ಟವ್ರಿಗೆ ಇದನ್ನ ಯಾರ್ ಕೊಡ್ತಾರ?"

"ಮತ್ತ ಕುಂಕುಮ?"

"ನಳಿಗಿ ಕಟ್ಟಿದ್ರ ಮೊದಲನೇ ಗುಂಡಿಗೇ ಸಿಡೀತಿತ್ತು. ಇದು ಒಂದೊಂದು ಗುಂಡಿಗೂ ಬಿರುಕು ಬಿಟಗೋತ ಬಂದೈತಿ."

ಲಕ್ಕಪ್ಪ ಆಸ್ಪತ್ರೆಯಿಂದ ಬಂದ ಮರುದಿನ ಮಿಲ್ಲಿನಲ್ಲಿ ಸಾಹುಕಾರರು ಅವನ ಮುಂದೆ ಒಂದು ಕಾಗದ ಇಟ್ಟರು. ತಪ್ಪು ನನ್ನದೇ, ಪರಿಹಾರ ಕೇಳುವುದಿಲ್ಲ ಎಂದು ಬರೆದಿತ್ತು. ಬಾಗಿಲಲ್ಲಿ ಹೊಸ ಕಾವಲುಗಾರ ಲಗಮಪ್ಪ ನಿಂತಿದ್ದ. ಅವನ ಸೊಂಟದಲ್ಲಿ ಅದೇ ತಯಾರಿಕೆಯ ಇನ್ನೊಂದು ಪಿಸ್ತೂಲು.

ಕಮ್ಮಾರನ ಮಾತು ತಿಳಿಸಿ ಬಾಯವ್ವ ಕೊಟ್ಟಿದ್ದ ಎರಡೂ ತುಂಡುಗಳನ್ನು ಲಕ್ಕಪ್ಪ ಕಾಗದದ ಮೇಲಿಟ್ಟ.

"ಅಗ್ಗದ ಎರಕ ತಂದು ಲಕ್ಷದ್ದು ಅಂದ್ರಿ. ನನ್ನ ಪೂಜಿನೂ ತಪ್ಪ ಮಾಡಿದ್ರಿ. ಇರ್ಲಿ, ಸಹಿ ಮಾಡ್ತೇನ್ರಿ. ಮೊದಲ ಲಗಮಪ್ಪನ ಪಿಸ್ತೂಲು ತಗೋರಿ. ಅಂಗಳದಾಗ ನಿಂತು ನಿಮ್ಮ ಕೈಲೆ ಹತ್ತು ಗುಂಡು ಹಾರಿಸ್ರಿ."

ಸಾಹುಕಾರರು ಮೇಜಿನ ಮೇಲಿದ್ದ ಕೈಗಳನ್ನು ಹಿಂದಕ್ಕೆಳೆದುಕೊಂಡರು. "ನನಗ್ಯಾಕ ಬೇಕಲೇ ಆ ಉಸಾಬರಿ?"

ಲಗಮಪ್ಪ ಅವರ ಕೈಗಳನ್ನೇ ನೋಡಿದ. ಸೊಂಟದ ಪಟ್ಟಿ ಬಿಚ್ಚಿ, ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಲಕ್ಕಪ್ಪನ ಪಕ್ಕಕ್ಕೆ ಬಂದು ನಿಂತ.

"ಹಂಗಾದ್ರ ನನಗೂ ಬ್ಯಾಡ್ರಿ."