ಭಾವನವರ ಎದುರಿಗೆ ಸಹಿ

ನಮ್ಮೂರು ಹುಮನಾಬಾದ್ ತಾಲೂಕಿನ ಹುಡಗಿ ಎಂಬ ಹಳ್ಳಿ. ೧೯೭೯ರಲ್ಲಿ ಅಲ್ಲಿ ಹೆಂಗಸರಿಗಾಗಿ ವಯಸ್ಕರ ಶಿಕ್ಷಣ ಕೇಂದ್ರ ತೆರೆದಾಗ ನನಗೆ ನಲವತ್ತೆಂಟು. ಕುರಿಗಳನ್ನು ಹಟ್ಟಿಗೆ ಕೂಡಿ, ರೊಟ್ಟಿ ಬಡಿದು, ಗಂಡಸರ ಊಟ ಮುಗಿಸಿ ನಾವು ಹದಿನೆಂಟು ಜನ ಗುಡಿಯ ಪಡಸಾಲೆಗೆ ಹೋಗುತ್ತಿದ್ದೆವು. ಕಲಿಸುವವಳು ದ್ರೌಪತಿ, ರಾಜೇಶ್ವರದವಳು. ನನ್ನ ಮಗಳ ವಯಸ್ಸಾದರೂ ನಮಗೆಲ್ಲ ಅಕ್ಕೋರು.

"ಅಷ್ಟು ಬಿಗಿ ಹಿಡೀಬ್ಯಾಡ್ರಿ, ಅದು ಬಳಪ ಅದ, ಕುರಿ ಕಾಲಲ್ಲ," ಎನ್ನುತ್ತಿದ್ದಳು.

"ಕುರಿ ಕಾಲಾಗಿದ್ರ ಚಲೋ ಹಿಡೀತಿದ್ದೆ ಬಿಡ್ರಿ ಅಕ್ಕೋರ," ಎನ್ನುತ್ತಿದ್ದಳು ಪಕ್ಕದ ಮನೆಯ ಜಿಜಾಬಾಯಿ.

ಹತ್ತು ತಿಂಗಳಲ್ಲಿ ಹೆಸರು ಬರೆಯಲು, ಬಸ್ಸಿನ ಬೋರ್ಡು ಓದಲು ಬಂತು. ಒತ್ತಕ್ಷರ ಎದುರಾದರೆ ಮಾತ್ರ ಎಲ್ಲರೂ ನಿಂತುಬಿಡುತ್ತಿದ್ದೆವು. ಇನ್ನೊಂದು ವರ್ಷ ಬೇಕಿತ್ತು. ಹುಮನಾಬಾದಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದು ಒಪ್ಪಿದರಷ್ಟೇ ಆ ವರ್ಷ ಸಿಗುತ್ತದೆ ಎಂದು ದ್ರೌಪತಿ ಹೇಳಿದ್ದಳು.

ಸಾಹೇಬರು ಬಂದದ್ದು ಮಧ್ಯಾಹ್ನ. ಗುಡಿಗೆ ಬರಲಿಲ್ಲ. ಚಾವಡಿಯಲ್ಲಿ ಕುಳಿತು, ಊರ ಪಂಚರನ್ನು ಕೂಡಿಸಿಕೊಂಡು, ನಮ್ಮನ್ನು ಅಲ್ಲಿಗೇ ಕರೆಸಿದರು. ಪಂಚರಲ್ಲಿ ಹಿರಿಯರು ನನ್ನ ಗಂಡನ ಅಣ್ಣ ಅಮೋಘಸಿದ್ದಪ್ಪ. ಆ ಮನೆಗೆ ಬಂದು ಮೂವತ್ತು ವರ್ಷವಾಗಿತ್ತು. ಭಾವನವರ ಎದುರಿಗೆ ನಾನು ಸೆರಗು ಸರಿಸಿರಲಿಲ್ಲ, ದನಿ ತೆಗೆದಿರಲಿಲ್ಲ. ಅವರು ಕುಳಿತಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುವ ಪದ್ಧತಿ ನಮ್ಮದು.

ಮೇಜಿನ ಮೇಲೆ ಹಾಜರಿ ಪುಸ್ತಕ, ಪೆನ್ನು. ರೂಢಿಯಂತೆ ಜವಾನ ಶಾಯಿಯ ಡಬ್ಬಿಯನ್ನೂ ಇಟ್ಟಿದ್ದ.

"ವಯಸ್ಸಿನಾಕಿ ಮೊದಲ ಬರ್ರಿ," ಎಂದರು ಸಾಹೇಬರು.

ನಾನೇ ಮುಂದೆ ಹೋದೆ. ಕೈ ಪೆನ್ನಿನ ಹತ್ತಿರ ಹೋಯಿತು. ಭಾವನವರು ಕೆಮ್ಮಿದರು. ಬರೀ ಕೆಮ್ಮು, ಹೊಗೆಸೊಪ್ಪಿನದು. ಆದರೆ ಅವರಿಗೇ ಸಹಿ ಬಾರದು; ಅವರ ಎದುರಿಗೆ ನಿಂತು ನಾನು ಪೆನ್ನು ಹಿಡಿಯುವುದೇ? ಹೆಬ್ಬೆರಳನ್ನು ಶಾಯಿಗೆ ಒತ್ತಿದೆ.

ಹಿಂದೆ ಯಾರೋ "ಗಂಗಕ್ಕನೇ ಒತ್ಯಾಳ" ಎಂದು ಪಿಸುಗುಟ್ಟಿದರು. ಉಳಿದ ಹದಿನೇಳು ಜನರೂ ಒತ್ತಿದರು.

"ಸಾಹೇಬ್ರ, ಇವರಿಗಿ ಬರೀಲಿಕ್ಕ ಬರ್ತದ್ರಿ! ಪಾಟಿ ಕೊಟ್ಟು ನೋಡ್ರಿ," ಎಂದು ದ್ರೌಪತಿ ಮುಂದೆ ಬಂದಳು. "ಗಂಗಕ್ಕ, ನೀವರ ಹೇಳ್ರಿ."

ನಾನು ಸೆರಗಿನೊಳಗೆ ನೆಲ ನೋಡುತ್ತಿದ್ದೆ.

"ಪಾಟಿ ಯಾಕ್ರಿ ಬಾಯಿ? ನನಗ ಕಣ್ಣಿಲ್ಲೇನು?" ಎಂದು ಸಾಹೇಬರು ಪುಸ್ತಕ ಮುಚ್ಚಿದರು.

ದಾರಿಯಲ್ಲಿ ಜಿಜಾಬಾಯಿ ಅಂದಳು: "ನೀ ಒಂದು ಗೆರಿ ಎಳದಿದ್ರ ಸಾಕಿತ್ತ ಯಕ್ಕ. ನಿನ್ನ ಬೆನ್ನಿಗೆ ಅಡಗಿ ನಾವೂ ಎಳೀತಿದ್ದೆವು."

ದ್ರೌಪತಿ ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮುಂದಿನ ವಾರ ಟ್ರಂಕು ಹೊರಿಸಿಕೊಂಡು ಬಸ್ಸು ಹತ್ತಿದಳು.

ತಿಂಗಳು ಕಳೆದ ಮೇಲೆ ಜವಾನ ಭಾವನವರ ಕೈಗೆ ಒಂದು ಕಾಗದ ಕೊಟ್ಟು ಹೋದ. ಅವರು ಅದನ್ನು ಹಿಡಿದು ಕಟ್ಟೆಯ ಮೇಲೆ ಕುಳಿತೇ ಇದ್ದರು. ಓದಿ ಹೇಳುವ ಶಾನುಭೋಗರು ಊರಲ್ಲಿರಲಿಲ್ಲ. ನಾನು ಬಾಗಿಲ ಮರೆಯಿಂದ ಕೈ ಚಾಚಿದೆ. ಅವರು ಕಾಗದ ಕೊಟ್ಟರು. ಒಳಗೆ ಎತ್ತಿಡಲೆಂದು ಕೇಳಿದಳೆಂದುಕೊಂಡರೋ ಏನೋ.

ಅಕ್ಷರ ಕೂಡಿಸಿ ಕೂಡಿಸಿ, ಒತ್ತಕ್ಷರ ಬಂದಲ್ಲಿ ತಡವರಿಸಿ, ಅವರಿಗೆ ಕೇಳುವಂತೆ ಓದಿದೆ: "ಈ ಕೇಂದ್ರದಲ್ಲಿ ಅಕ್ಷರ ಕಲಿತವರು ಒಬ್ಬರೂ ಕಂಡುಬಂದಿಲ್ಲ. ಆದ್ದರಿಂದ ಕೇಂದ್ರವನ್ನು ಮುಚ್ಚಲಾಗಿದೆ."

ಹೊರಗಿನಿಂದ ಭಾವನವರು ಕೇಳಿದರು:

"ಗಂಗವ್ವ, ಮತ್ತ ಅವತ್ತು ಯಾಕ ಹೆಬ್ಬಟ್ಟು ಒತ್ತಿದಿ?"

ಅವರಿಗೆ ನಾನು ಆಡಿದ ಮೊದಲ ಮಾತು ಅದೇ: "ನೀವು ಕುಂತಿದ್ರಲ್ರಿ."

ಮರುದಿನ ಬೆಳಿಗ್ಗೆ ಭಾವನವರು ಪಟಕಾ ಸುತ್ತಿಕೊಂಡು ಹುಮನಾಬಾದಿಗೆ ಹೋದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಸಂಜೆ ಬಂದು ಬಾಗಿಲ ಕಡೆ ನೋಡದೆಯೇ ಅಂದರು:

"ನಮ್ಮ ಹೆಣಮಕ್ಕಳಿಗಿ ಓದಲಿಕ್ಕ ಬರ್ತದ ಅಂತ ಹೇಳ್ದೆ. ಸಾಹೇಬ ನಕ್ಕ. ನಮ್ಮ ಸಾಲಿ ಈಗ ಕೊಡಂಬಲ ಊರಿಗಿ ಕೊಟ್ಟಾರಂತ."

ಕಾಲಿಗೆ ನೀರು ಕೊಟ್ಟೆ. ತೊಳೆದುಕೊಂಡು ಒಳಗೆ ಹೋದರು. ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ.